ಅತಿಥಿ ಶಾಖ

ಆ ಹಾಳು ಯಂತ್ರವನ್ನು ವೈಫೈಗೆ ಜೋಡಿಸಿದವಳು ನಾನೇ. ಕಂಪನಿಯವರು ಬಂದು ಜೋಡಿಸಲಿಲ್ಲ, ಯಾರೂ ಬಲವಂತ ಮಾಡಲಿಲ್ಲ. ನಾನೇ ಸ್ಟೂಲ್ ಹತ್ತಿ ನಿಂತೆ. ಬಟನ್ ಐದು ಸೆಕೆಂಡ್ ಒತ್ತಿ ಹಿಡಿದು, ನೀಲಿ ದೀಪ ಮಿಣುಕುವ ತನಕ ಕಾದೆ. ಪಾಸ್‌ವರ್ಡ್ ಮೂರು ಸಲ ತಪ್ಪು ಹೊಡೆದು ನಾಲ್ಕನೇ ಸಲ ಸರಿ ಹೊಡೆದೆ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ ದಾಟಿ ಸಿಗ್ನಲ್ ಒಳಕೋಣೆಗೆ ಬರುತ್ತಿರಲಿಲ್ಲ. ಅದಕ್ಕೆಂದು ನಡುಮನೆಯಲ್ಲಿ ಇನ್ನೊಂದು ಡಬ್ಬಿ ಸಿಕ್ಕಿಸಿದೆ. ನಲವತ್ತೊಂದು ಪುಟದ ಷರತ್ತುಗಳನ್ನು ಓದದೆಯೇ ‘ಒಪ್ಪಿದ್ದೇನೆ’ ಎಂದು ಒತ್ತಿದೆ. ಇಷ್ಟೆಲ್ಲ ಯಾಕೆ ಅಂತೀರಿ? ನನ್ನ ಅತ್ತೆಯನ್ನು ಸೋಲಿಸಲಿಕ್ಕೆ.

ನನ್ನ ಮಗಳು ಅಂಬಿಕಾ ಹೆರಿಗೆಗೆಂದು ಕಲಬುರಗಿಗೆ, ನಮ್ಮ ಮನೆಗೆ ಬಂದಿದ್ದಳು. ಗಂಡು ಕೂಸು. ಹೊರಗೆ ನಲವತ್ತೇಳು ಡಿಗ್ರಿ ಬಿಸಿಲು. ನನ್ನ ಅತ್ತೆ ಕಸ್ತೂರಬಾಯಿ, ಎಪ್ಪತ್ತೆಂಟರ ಹೆಂಗಸು, ಆ ಬಿಸಿಲಲ್ಲೂ ಬಾಣಂತಿ ಕೋಣೆಯ ಕಿಟಕಿಗಳನ್ನು ಮುಚ್ಚಿ, ಸಂದಿಗೆಲ್ಲ ಹಳೇ ಸೀರೆ ತುರುಕಿ, ಮಂಚದ ಕೆಳಗೆ ಕೆಂಡದ ಶೇಗಡಿ ಇಟ್ಟರು. ಮಗಳ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ನಾನು ಎ.ಸಿ.ಯಂತೆ ತಂಪು ಮಾಡುವ ಆ ಯಂತ್ರವನ್ನು, ಹೀಟ್ ಪಂಪನ್ನು, ಹಾಕಿ ಕೋಣೆಯನ್ನು ಇಪ್ಪತ್ತೇಳಕ್ಕೆ ತಂದರೆ, ನಾನು ಬೆನ್ನು ತಿರುಗಿಸಿದ ಕೂಡಲೇ ರಿಮೋಟ್ ತಗೊಂಡು ಬಂದ್ ಮಾಡುತ್ತಿದ್ದರು.

“ಬಾಣಂತಿಗಿ ತಂಪ್ ಗಾಳಿ ಬಡಸ್ತಿ? ಸನ್ನಿ ಹಿಡದ್ರ ಯಾರು ನೋಡೋರು? ನಾ ಐದು ಹಡದೀನಿ, ನೀ ಹಡದದ್ದು ಒಂದೇ.”

“ಡಾಕ್ಟರು ಇಪ್ಪತ್ತೇಳು ಇಡ್ರಿ ಅಂತ ಬರದು ಕೊಟ್ಟಾರ್ರೀ, ಅತ್ತಿ.”

“ಆ ಡಾಕ್ಟರಂದು ಇನ್ನಾ ಮದುವಿನೇ ಆಗಿಲ್ಲ!”

ಮೂವತ್ತೊಂದು ವರ್ಷದಿಂದ ಇದೇ ರೀತಿ. ಉಪ್ಪಿನಕಾಯಿಗೆ ಎಷ್ಟು ಉಪ್ಪು ಎನ್ನುವುದರಿಂದ ಹಿಡಿದು ನನ್ನ ಮಗಳಿಗೆ ಯಾವ ಹೆಸರಿಡಬೇಕು ಎನ್ನುವ ತನಕ ಅವರದೇ ಗೆಲುವು. ನನ್ನ ಗಂಡ ಸೇಡಂನ ಸಿಮೆಂಟ್ ಕಾರ್ಖಾನೆಯಲ್ಲಿ ವಾರವಿಡೀ ಇದ್ದು ಭಾನುವಾರ ಬರುವವರು, ತಾಯಿಗೂ ಹೆಂಡತಿಗೂ ತಲೆಯಾಡಿಸಿ ಊಟ ಮಾಡಿ ಹೋಗುವವರು. ಈ ಸಲ ಬಿಡಬಾರದು ಅಂದುಕೊಂಡೆ. ಪಂಪನ್ನು ಆಪ್‌ಗೆ ಜೋಡಿಸಿ, ರಿಮೋಟಿಗೆ ಆಪ್‌ನಿಂದಲೇ ಬೀಗ ಹಾಕಿದೆ. ಇನ್ನು ಮುದುಕಿ ಎಷ್ಟು ಒತ್ತಿದರೂ ಅದರ ಪರದೆಯಲ್ಲಿ ಒಂದು ಬೀಗದ ಚಿತ್ರ ಬರುತ್ತದೆ, ಅಷ್ಟೇ. ನಾನು ಕೆಲಸದ ಜಾಗದಲ್ಲಿ ಕೂತೇ ಬಾಣಂತಿ ಕೋಣೆಯನ್ನು ಆಳಬಹುದು. ಆ ದಿನ ಬೀಗದ ಚಿತ್ರ ನೋಡಿ ಅತ್ತೆಯ ಮುಖ ಸಣ್ಣಗಾದದ್ದು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಲಿಕ್ಕೆ ಈಗ ಹೇಸಿಗೆಯಾಗುತ್ತದೆ.

ಇನ್ನು ನನ್ನ ಕೆಲಸದ ಮಾತು. ಊರಿಗೆಲ್ಲ ತಂಪು ಹಂಚುವ ಶೈತ್ಯವಾಹಿನಿ ಎಂಬ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ನಾನು ಹಗಲು ಪಾಳಿಯ ಆಪರೇಟರ್. ಹೀಟ್ ಪಂಪ್ ತಂಪನ್ನು ಹುಟ್ಟಿಸುವುದಿಲ್ಲ, ಇದನ್ನು ಮೊದಲು ತಿಳಿಯಬೇಕು. ಅದು ಕೋಣೆಯೊಳಗಿನ ಬಿಸಿಯನ್ನು ಎತ್ತಿ ಇನ್ನೊಂದು ಕಡೆ ಸುರಿಯುತ್ತದೆ, ಹಗೇವಿಗೆ, ಅಂದರೆ ನೆಲದೊಳಗಿನ ಕಾಳಿನ ಗುಂಡಿಗೆ, ನುಗ್ಗಿದ ನೀರನ್ನು ಬಕೆಟ್‌ನಲ್ಲಿ ಎತ್ತಿ ಹೊರಗೆ ಚೆಲ್ಲಿದ ಹಾಗೆ. ಮೊದಲು ಎಲ್ಲರೂ ತಮ್ಮ ಮನೆಯ ಬಿಸಿಯನ್ನು ಓಣಿಗೆ ಸುರಿದರು. ಓಣಿ ಐವತ್ತೆರಡು ಡಿಗ್ರಿ ಮುಟ್ಟಿತು, ತಳ್ಳುಗಾಡಿಯವರು ಕುಸಿದು ಬಿದ್ದರು. ಆಮೇಲೆ ಕಂಪನಿ ಬಂತು. ರಸ್ತೆಯ ಕೆಳಗೆ ನೀರಿನ ದೊಡ್ಡ ಕೊಳವೆ ಹಾಕಿ, ಎಲ್ಲ ಮನೆಯ ಬಿಸಿಯೂ ಅದರೊಳಗೆ ಬೀಳುವ ಹಾಗೆ ಮಾಡಿತು. ಆ ಬಿಸಿನೀರು ಊರಾಚೆಯ ಗೋಪುರಕ್ಕೆ ಹೋಗಿ ಆರಿ ವಾಪಸು ಬರಬೇಕು.

ಆದರೆ ಏಪ್ರಿಲ್ ಮಧ್ಯಾಹ್ನಗಳಲ್ಲಿ ಗೋಪುರದ ಆಟ ನಡೆಯುವುದಿಲ್ಲ. ಕೊಳವೆಯ ನೀರು ಐವತ್ತು ದಾಟಿದರೆ ಸುರಕ್ಷತೆಗೆಂದು ಆ ಭಾಗದ ಎಲ್ಲ ಪಂಪುಗಳೂ ತಾವೇ ನಿಲ್ಲುತ್ತವೆ. ಹಾಗಾಗದಂತೆ ಯಾರೋ ಜಾಣರು ಒಂದು ಉಪಾಯ ಹುಡುಕಿದರು. ಪಂಪನ್ನು ಉಲ್ಟಾ ಓಡಿಸಿದರೆ ಕೊಳವೆಯ ಬಿಸಿ ಮನೆಯೊಳಗೆ ಬರುತ್ತದೆ. ನಮ್ಮೂರಲ್ಲಿ ಎಲ್ಲ ಕಲ್ಲಿನ ಗೋಡೆ, ಶಹಾಬಾದಿ ಫರಸಿಯ ನೆಲ. ಬಿಸಿ ಹಿಡಿದಿಡುವುದರಲ್ಲಿ ಗಟ್ಟಿ. ಹಾಗಾದರೆ ಯಾರೂ ಇಲ್ಲದ ಮನೆಗಳೊಳಗೆ ಮಧ್ಯಾಹ್ನದ ಬಿಸಿಯನ್ನು ತುಂಬಿಟ್ಟು ಸಂಜೆ ಆರರ ಮೇಲೆ ವಾಪಸು ತೆಗೆದರಾಯಿತಲ್ಲ! ಅದಕ್ಕೆ ಕಂಪನಿ ಇಟ್ಟ ಹೆಸರು ‘ಅತಿಥಿ ಶಾಖ’. ಹೆಸರು ನೋಡ್ರಿ, ಆರತಿ ಎತ್ತಿ ಒಳಗೆ ಕರೆಯಬೇಕು ಹಾಗಿದೆ.

ಮನೆ ಖಾಲಿ ಇದೆ ಅಂತ ಹೇಗೆ ಗೊತ್ತಾಗುತ್ತದೆ? ಎರಡು ಗುರುತು. ಯಂತ್ರದ ಮುಂದೆ ಬಟಾಣಿ ಕಾಳಿನಷ್ಟು ದೊಡ್ಡ ಕಪ್ಪು ಕಣ್ಣೊಂದಿದೆ, ಅದು ಮನುಷ್ಯರ ಮೈ ಕಾವನ್ನೂ ಅಲುಗಾಟವನ್ನೂ ಕಾಣುತ್ತದೆ. ಜತೆಗೆ ಮನೆಯ ವೈಫೈಯಲ್ಲಿ ಯಾವುದಾದರೂ ಫೋನ್ ಇದೆಯೇ ಅಂತ ನೋಡುತ್ತದೆ. ಎರಡೂ ಇಲ್ಲದಿದ್ದರೆ ಖಾಲಿ. ವೈಫೈಗೆ ಜೋಡಿಸದ ಪಂಪನ್ನು ಮಾತ್ರ ಕಂಪನಿಗೆ ಮುಟ್ಟಲಾಗದು. ಇದೆಲ್ಲ ನನಗೆ ಗೊತ್ತಿತ್ತು. ನಮ್ಮ ಮನೆ ಖಾಲಿ ಆಗುವುದೆಂದರೇನು, ಅತ್ತೆ ಅಲ್ಲಿಂದ ಅಲುಗಾಡುವವರೇ ಅಲ್ಲ ಎಂದು ನನ್ನ ಧೈರ್ಯ.

ಕೂಸು ಹುಟ್ಟಿ ಹನ್ನೊಂದನೇ ದಿನ. ಮರುದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಮಧ್ಯಾಹ್ನ ಎರಡೂಕಾಲಿಗೆ ಪೂರ್ವ ಭಾಗದ ಕೊಳವೆ ನಲವತ್ತೆಂಟು ಮುಟ್ಟಿತು. ಗೋಡೆಯ ಮೇಲಿನ ನಕ್ಷೆ ಹಳದಿಯಿಂದ ಕೇಸರಿಗೆ ತಿರುಗಿತು.

ನಮ್ಮ ಮ್ಯಾನೇಜರ್ ಶ್ರೀವತ್ಸ, ಮೂವತ್ತೈದು ದಾಟದ ಮನುಷ್ಯ, ಬೆನ್ನ ಹಿಂದೆ ಬಂದು ನಿಂತ. “ಜಗದೇವಿ ಮೇಡಂ, ಅತಿಥಿ ಶಾಖ ಬಿಡಿ. ಪಟ್ಟಿ ರೆಡಿ ಇದೆ.”

ಪಟ್ಟಿಯಲ್ಲಿ ಮುನ್ನೂರ ನಲವತ್ತು ಮನೆ. ‘ಪರಿಶೀಲಿಸಿದ್ದೇನೆ’ ಎಂಬ ಬಟನ್. ನಿಯಮದ ಪ್ರಕಾರ ಆಪರೇಟರ್ ಪಟ್ಟಿಯನ್ನು ಓದಿ ಒತ್ತಬೇಕು. ಯಾವ ಆಪರೇಟರ್ ಓದುತ್ತಾನ್ರೀ? ಆ ತಿಂಗಳಲ್ಲಿ ನಾನು ಹನ್ನೊಂದು ಸಲ ಓದದೆ ಒತ್ತಿದ್ದೆ. ಹನ್ನೆರಡನೇ ಸಲವೂ ಒತ್ತಿದೆ. ನಕ್ಷೆ ಮತ್ತೆ ಹಳದಿಯಾಯಿತು. ಪಕ್ಕದ ಕುರ್ಚಿಯ ಶಫಿಯಾ ಡಬ್ಬಿ ಬಿಚ್ಚಿ ಒಂದು ಖರ್ಜೂರ ಕೊಟ್ಟಳು, ತಿಂದೆ.

ಕಂಟ್ರೋಲ್ ರೂಮಿನೊಳಗೆ ನಮ್ಮ ಫೋನ್ ತರುವ ಹಾಗಿಲ್ಲ. ಮೂರೂ ನಲವತ್ತಕ್ಕೆ ಚಹಾ ಬಿಡುವು ಸಿಕ್ಕಾಗ ಲಾಕರ್‌ನಿಂದ ಫೋನ್ ತೆಗೆದು, ಅಭ್ಯಾಸದಂತೆ ಆಪ್ ನೋಡಿದೆ. ಬಾಣಂತಿ ಕೋಣೆ: ನಲವತ್ತೊಂಬತ್ತು ಡಿಗ್ರಿ. ಅದರ ಕೆಳಗೆ ಹಸಿರು ಅಕ್ಷರದಲ್ಲಿ, ‘ನಿಮ್ಮ ಮನೆ ಈಗ ಖಾಲಿ ಇದೆ. ಅತಿಥಿ ಶಾಖಕ್ಕೆ ಜಾಗ ಕೊಟ್ಟದ್ದಕ್ಕೆ ಧನ್ಯವಾದ.’

ನಿಲ್ಲಿಸು ಎಂದು ಒತ್ತಿದೆ. ‘ಸಂಜೆ ಆರರವರೆಗೆ ಬದಲಾಯಿಸಲಾಗದು’ ಎಂದಿತು. ಮಗಳಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಆಗ ನೆನಪಾಯಿತು, ಬಾಣಂತಿ ಮೊಬೈಲ್ ನೋಡಿದರೆ ಕಣ್ಣು ಹೋಗುತ್ತವೆ ಅಂತ ಅತ್ತೆ ಅದನ್ನು ಕಸಿದು ಬಂದ್ ಮಾಡಿ ಕಪಾಟಿನಲ್ಲಿಟ್ಟಿದ್ದಾರೆ. ಅತ್ತೆಯದು ಹಳೇ ಬಟನ್ ಫೋನು. ಹಚ್ಚಿದೆ. ಎಂಟು ಸಲ ರಿಂಗಾದ ಮೇಲೆ ಎತ್ತಿದರು.

“ಏನಾ? ಹಿತ್ತಲಾಗ ಬೇವಿನ ಕೆಳಗ ಕುಂತೀನಿ. ಕೂಸಿಗಿ ಅರಿವಿ ಒಗಿಬೇಕು, ಲಗೂ ಹೇಳು.”

“ಅತ್ತಿ, ಕೋಣ್ಯಾಗ ಮಿಷನ್ ಬಿಸಿಗಾಳಿ ಬಿಡಲಾಕತ್ತದೇನು?”

“ಹ್ಞೂಂ ಮತ್ತ! ಈಗ ನಿನ್ನ ಮಿಷನ್ನಿಗಿ ಬುದ್ಧಿ ಬಂದದ. ಬಾಣಂತಿಗಿ ಹೆಂಗ್ ಬೇಕು ಹಂಗ ಬೆಚ್ಚಗ ಬಿಡ್ತದ. ಶೇಗಡಿನೂ ತಗದೀನಿ.”

“ಅದರ ಕಣ್ಣಿಗಿ ಏನರ ಮಾಡೀರೇನು?”

“ಕಾಡಿಗಿ ಹಚ್ಚೀನಿ. ಹಗಲೆಲ್ಲ ಕೂಸಿನ್ನೇ ದಿಟ್ಟಿಸಿ ನೋಡ್ತಿತ್ತು ಅದು. ದೃಷ್ಟಿ ಆಗಂಗಿಲ್ಲೇನು? ಕೂಸಿನ ಗಲ್ಲಕ್ಕ ಹಚ್ಚೂವಾಗ ಅದಕ್ಕೂ ಒಂದ್ ದಪ್ಪನ್ನ ಬೊಟ್ಟು ಹಚ್ಚೀನಿ.”

“ಕೂಸು ಹೆಂಗದ?”

“ಗಪ್ಪಾಗಿ ಮಲಗ್ಯದ. ಹನ್ನೆರಡಕ್ಕ ಮಲಿ ಕುಡದದ್ದು, ಇನ್ನಾ ಎದ್ದಿಲ್ಲ. ಒಮ್ಮಿನೂ ಅತ್ತಿಲ್ಲ, ಶ್ಯಾಣ್ಯಾ!”

ಮೂರೂ ಮುಕ್ಕಾಲು ತಾಸು. ಹನ್ನೊಂದು ದಿನದ ಕೂಸು ಅಷ್ಟು ಹೊತ್ತು ಹಾಲಿಲ್ಲದೆ, ಅಳದೆ. “ಅತ್ತಿ, ಕೈ ಮುಗೀತೀನಿ, ಇಬ್ಬರ್ನೂ ಹೊರಗ ತರ್ರಿ. ಮೇನ್ ಸ್ವಿಚ್ ತಗೀರಿ. ಆ ಮಿಷನ್ ಕೂಸಿನ್ನ ಬೇಯಸ್ಲಾಕತ್ತದ!”

“ಬೇಯಸ್ತದ!” ಅತ್ತೆ ನಕ್ಕರು. “ನಿನ್ನೀತನಾ ತಂಪ್ ಮಾಡ್ತಿತ್ತು, ಆಗ ಅದು ದೇವರು. ಇವತ್ತ ನಾ ಹೇಳಿದಂಗ ಬೆಚ್ಚಗ ಮಾಡಿದ್ರ ನಿನಗ ಹೊಟ್ಟಿಉರಿ. ತೊಟ್ಟಿಲಕ್ಕ ಹಾಕೂಕಿಂತ ಮೊದಲ ಕೂಸಿನ್ನ ಬಿಸಿಲಿಗಿ ತರ್ತಾರೇನು? ಇಡು ಫೋನ್.” ಕಟ್ ಮಾಡಿದರು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಎದುರು ಮನೆಯವರಿಗೆ ಹಚ್ಚಿದೆ, ಅವರೂ ಎತ್ತಲಿಲ್ಲ, ಎಲ್ಲ ಮಧ್ಯಾಹ್ನದ ನಿದ್ದೆ. ಆಂಬುಲೆನ್ಸ್‌ಗೆ ವಿಳಾಸ ಹೇಳಿದೆ. ಇಪ್ಪತ್ತು ನಿಮಿಷ ಅಂದರು.

ಮುದುಕಿ ನನ್ನನ್ನು ನಂಬಲಿಲ್ಲ ಅಂತ ಬೈಯಲಿ ಹೇಗೆ? ಮೂವತ್ತೊಂದು ವರ್ಷ ಅವರು ಹೇಳಿದ ಒಂದು ಮಾತನ್ನಾದರೂ ನಾನು ನಂಬಿದ್ದೆನೇ?

ಒಳಗೆ ಓಡಿ ಶ್ರೀವತ್ಸನಿಗೆ ಹೇಳಿದೆ. ಅವನ ಮುಖ ಬಿಳಿಚಿತು. ಆದರೂ ಬಾಯಿಂದ ಬಂದದ್ದು ನಿಯಮವೇ. “ಒಂದೇ ಮನೆ ತೆಗೆಯೋಕೆ ಹೆಡ್ ಆಫೀಸ್ ಒಪ್ಪಿಗೆ ಬೇಕು ಮೇಡಂ. ನಲವತ್ತು ನಿಮಿಷ ಆಗುತ್ತೆ. ನಾನು ಈಗಲೇ ಮೇಲ್ ಹಾಕ್ತೀನಿ.”

“ನಲವತ್ತು ನಿಮಿಷಕ್ಕ ಹೆಣ ಆಗ್ತದ.”

“ಇಲ್ಲಿಂದ ಮಾಡೋಕಾಗೋದು ಪೂರ್ತಿ ಪಟ್ಟಿ ರದ್ದು ಒಂದೇ. ಮಾಡಿದ್ರೆ ಐದು ನಿಮಿಷದಲ್ಲಿ ಕೊಳವೆ ಐವತ್ತು ದಾಟುತ್ತೆ. ಹನ್ನೊಂದು ಸಾವಿರ ಮನೆಯ ಪಂಪ್ ನಿಲ್ಲುತ್ತೆ. ಅಲ್ಲೂ ಮಕ್ಕಳಿದ್ದಾರೆ, ಅಲ್ವಾ?”

“ಅಲ್ಲಿ ತಂಪು ನಿಲ್ತದ, ಅಷ್ಟೇ. ಬಾಗಿಲಾ ತಗೀತಾರ, ಬೀಸಣಿಗಿ ಬೀಸ್ತಾರ. ಇಲ್ಲಿ ಬೆಂಕಿ ಸುರ್ಯಾಕತ್ತೀವಿ ನಾವು! ನಮ್ಮನ್ಯಾಗ ಒಬ್ಬಾಕಿ ಕಾಡಿಗಿ ಹಚ್ಯಾಳ. ಉಳದ ಮುನ್ನೂರ ಮೂವತ್ತೊಂಬತ್ತು ಮನ್ಯಾಗ ಯಾರ್ ಏನ್ ಹಚ್ಯಾರ ನಿಮಗ ಗೊತ್ತದೇನು?”

“ಮೇಡಂ, ಯೋಚನೆ ಮಾಡಿ. ಕೆಲಸ ಹೋಗುತ್ತೆ.”

“ಹೋಗ್ಲಿ, ಹಾಳಾಗಿ ಹೋಗ್ಲಿ!” ಎಂದು ಅವನನ್ನು ಪಕ್ಕಕ್ಕೆ ನೂಕಿ ಪೂರ್ತಿ ಪಟ್ಟಿ ರದ್ದು ಮಾಡಿದೆ. ನಕ್ಷೆ ಕೇಸರಿಯಾಯಿತು, ಕೆಂಪಾಯಿತು. ದೂರಿನ ಫೋನುಗಳು ಒಟ್ಟಿಗೇ ಹೊಡೆದುಕೊಳ್ಳತೊಡಗಿದವು. ಶಫಿಯಾ ನನ್ನ ಕೈಗೆ ತನ್ನ ಸ್ಕೂಟರಿನ ಕೀಲಿ ತುರುಕಿ, “ಆಪಾ, ನೀವ್ ಹೋಗ್ರಿ. ನಾ ಈ ಪಟ್ಟಿ ಹಿಡಕೊಂಡು ಒಂದೊಂದ್ ಮನಿಗೂ ಫೋನ್ ಹಚ್ತೀನಿ” ಅಂದಳು.

ಆರು ಕಿಲೋಮೀಟರ್. ಹೇಗೆ ಹೋದೆನೋ ಗೊತ್ತಿಲ್ಲ. ಪಂಪು ನಿಂತ ಮನೆಗಳಿಂದ ಜನ ಆಗಲೇ ಹೊರಗೆ ಬಂದು ಕಂಪನಿಯ ತಾಯಿ ತಂದೆಯರನ್ನೆಲ್ಲ ಬೈಯುತ್ತ ನಿಂತಿದ್ದರು. ಬೈಯಲಿ. ನಮ್ಮ ಮನೆಯ ಬಾಗಿಲು ತೆರೆದೇ ಇತ್ತು. ಬಾಣಂತಿ ಕೋಣೆಯ ಬಾಗಿಲು ನೂಕಿದರೆ ಭಟ್ಟಿಯ ಬಾಯಿ ತೆಗೆದ ಹಾಗೆ ಮುಖಕ್ಕೆ ಹೊಡೆಯಿತು.

ಅಂಬಿಕಾ ಮಂಚದಿಂದ ಇಳಿದು ನೆಲದ ಮೇಲೆ ಬಿದ್ದಿದ್ದಳು, ಕೈಯಲ್ಲಿ ರಿಮೋಟ್. “ಅವ್ವಾ, ಒತ್ತೇ ಒತ್ತಿದೆ. ಬರೇ ಬೀಗದ ಚಿತ್ರ ತೋರಸ್ತದ. ಹಿತ್ತಲಾಗಿನ ಆಯಿನ್ನ ಕೂಗೀನಿ, ದನಿನೇ ಏಳವಲ್ದು” ಅಂದಳು. ತುಟಿ ಒಡೆದು ರಕ್ತ ಬಂದಿತ್ತು. ಕೂಸು ಮಂಚದ ಮೇಲೆ ಕೆಂಪಗೆ, ಬೆವರೇ ಇಲ್ಲದೆ, ಕೈಕಾಲು ಚೆಲ್ಲಿ ಮಲಗಿತ್ತು. ಎತ್ತಿದರೆ ಕುತ್ತಿಗೆ ಒಂದು ಕಡೆ ಜೋತುಬಿತ್ತು. ಅಂಗಾಲಿಗೆ ಚಿವುಟಿದೆ, ಅಳಲಿಲ್ಲ. ಇನ್ನೂ ಜೋರಾಗಿ ಚಿವುಟಿದೆ. ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ ಬಂತು. ಆ ದನಿ ಕೇಳಿ ನಾನು ಅಲ್ಲೇ ಕೂತು ಹೋ ಎಂದು ಅತ್ತುಬಿಟ್ಟೆ.

ಹಿತ್ತಲಿಂದ ಓಡಿ ಬಂದ ಅತ್ತೆ ಕೂಸನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದರು. ತಮ್ಮ ಸೀರೆಯ ಸೆರಗನ್ನು ಹಂಡೆಯ ನೀರಿನಲ್ಲಿ ಅದ್ದಿ ತಂದು ಕೂಸಿಗೆ ಸುತ್ತಿದರು. ಆಂಬುಲೆನ್ಸ್ ಬರುವ ತನಕ ಇಬ್ಬರೂ ಸೇರಿ ಒದ್ದೆ ಬಟ್ಟೆ ಬದಲಾಯಿಸಿದೆವು. ಜಗಳವಾಡದೆ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಕೂಸು ಉಳಿಯಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ಬಂದು, ಜ್ವರ ಇಳಿದಿದೆ, ಹಾಲು ಚೀಪುತ್ತಿದೆ, ಒಂದು ವಾರ ಇಲ್ಲೇ ಇರಲಿ ಅಂದರು. ಇನ್ನೂ ಅರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಅಂತಲೂ ಅಂದರು. ಅವರು ಹೋದ ಮೇಲೆ ಶಫಿಯಾಳ ಫೋನ್ ಬಂತು. ಮುನ್ನೂರ ನಲವತ್ತರಲ್ಲಿ ಹತ್ತೊಂಬತ್ತು ಮನೆ ಖಾಲಿ ಇರಲಿಲ್ಲವಂತೆ. ಒಂದು ಕಡೆ ಯಂತ್ರದ ಮುಂದೆ ಚಾದರ ಒಣಹಾಕಿದ್ದರು. ಇನ್ನೊಂದು ಕಡೆ ಒಬ್ಬರು ಸೊಳ್ಳೆಪರದೆಯೊಳಗೆ ಮಲಗಿದ್ದರು. ನಮ್ಮೂರಿನ ಬ್ರಹ್ಮಪುರ ಓಣಿಯಲ್ಲಿ ಹಾಸಿಗೆ ಹಿಡಿದಿದ್ದ ಒಬ್ಬಾಕೆ ಏಳಲೇ ಇಲ್ಲ. ಅವರ ಮನೆಯವರು ಬಿಸಿಲಿನ ಹೊಡೆತ ಅಂದುಕೊಂಡು ಮಣ್ಣು ಮಾಡಲಿಕ್ಕೆ ಹೋಗಿದ್ದಾರಂತೆ. ಹಿಂದಿನ ಹನ್ನೊಂದು ಪಟ್ಟಿಗಳಲ್ಲಿ ಎಷ್ಟು ಜನ, ಯಾರೂ ಎಣಿಸಿಲ್ಲ.

ಹನ್ನೊಂದಕ್ಕೆ ಶ್ರೀವತ್ಸ ವಾರ್ಡಿಗೆ ಬಂದ, ಕೈಯಲ್ಲಿ ಒಂದು ಕಾಗದ. ಅಂಬಿಕಾ ಕಣ್ಣು ಮುಚ್ಚಿ ಮಲಗಿದ್ದಳು, ಪಕ್ಕದಲ್ಲಿ ಕೂಸು. ಅವನು ದನಿ ತಗ್ಗಿಸಿ ಅತ್ತೆಯ ಮುಂದೆ ಕೂತ.

“ಅಜ್ಜೀ, ಯಂತ್ರದ ಕಣ್ಣಿಗೆ ಕಾಡಿಗೆ ಹಚ್ಚಿದ್ದು ನೀವು ಅಂತ ಇದರಲ್ಲಿದೆ, ಅಷ್ಟೇ. ಸಹಿ ಹಾಕಿದ್ರೆ ಇಲ್ಲಿಗೆ ಮುಗಿಯುತ್ತೆ. ಜಗದೇವಿ ಮೇಡಂ ಕೆಲಸಕ್ಕೂ ಏನೂ ತೊಂದರೆ ಇಲ್ಲ.”

ಅತ್ತೆ ಕಾಗದವನ್ನು ನೋಡಲೂ ಇಲ್ಲ. “ತಪ್ಪು ನಂದೇ ಅದ. ಎಲ್ಲಿ ಸಹಿ ಮಾಡ್ಲಿ, ತೋರ್ಸಪ್ಪಾ.”

ತಪ್ಪು ನಂದೇ! ಈ ಎರಡು ಶಬ್ದ ಅವರ ಬಾಯಿಂದ ಕೇಳಲಿಕ್ಕೆ ಮೂವತ್ತೊಂದು ವರ್ಷ ಕಾದಿದ್ದೆ. ನಿದ್ದೆಗಣ್ಣಲ್ಲೂ ಕಾದಿದ್ದೆ. ಕೊನೆಗೂ ಬಂತು, ಬಂದರೆ ಸಂಕಟವಾಯಿತು. ಅವರು ಸಹಿ ಮಾಡಿದರೆ ಇದೊಂದು ಮುದುಕಿಯ ಮೂಢತನ ಎಂದಾಗಿ ಕಡತ ಮುಚ್ಚುತ್ತದೆ. ಬ್ರಹ್ಮಪುರದ ಆಕೆ ಬಿಸಿಲಿಗೇ ಸತ್ತಂತಾಗುತ್ತದೆ. ಮುಂದಿನ ವಾರ ನನ್ನ ಕುರ್ಚಿಯಲ್ಲಿ ಕೂತವರು ಹದಿಮೂರನೇ ಪಟ್ಟಿಯನ್ನು ಓದದೆ ಒತ್ತುತ್ತಾರೆ.

ಅತ್ತೆಯ ಕೈಯಿಂದ ಪೆನ್ನು ಕಿತ್ತುಕೊಂಡೆ. ಆ ಕಾಗದವನ್ನೇ ತಿರುವಿ ಹಿಂದೆ ಬರೆದೆ. ಬರೆದದ್ದನ್ನು ಶ್ರೀವತ್ಸನಿಗೆ ಕೇಳುವ ಹಾಗೆ ಓದಿದೆ. “ನಿನ್ನೆ ಮಧ್ಯಾಹ್ನ ಎರಡೂಕಾಲಿಗೆ ಮುನ್ನೂರ ನಲವತ್ತು ಮನೆಗಳಿಗೆ ಶಾಖ ಬಿಟ್ಟವಳು ನಾನು. ಪಟ್ಟಿ ಓದಿರಲಿಲ್ಲ. ಓದಿದ್ದರೆ ನನ್ನ ಮನೆಯ ಹೆಸರು ಕಾಣುತ್ತಿತ್ತು. ಅದಕ್ಕೂ ಮೊದಲು ಹನ್ನೊಂದು ಸಲ ಓದದೇ ಬಿಟ್ಟಿದ್ದೇನೆ. ಓದಬೇಕೆಂದು ಮ್ಯಾನೇಜರ್ ಒಮ್ಮೆಯೂ ಕೇಳಿಲ್ಲ. ಈ ಹನ್ನೆರಡೂ ಪಟ್ಟಿಯ ಮನೆಗಳಿಗೆ ಪೊಲೀಸರು ಹೋಗಿ ವಿಚಾರಿಸಬೇಕು.”

“ಮೇಡಂ, ಇದನ್ನ ಕೊಟ್ರೆ ನಿಮ್ಮನ್ನೇ ಮೊದಲು ಹಿಡೀತಾರೆ” ಎಂದ ಶ್ರೀವತ್ಸ.

“ಹಿಡೀಲಿ. ಎರಡನೇದವರು ನೀವು. ನಡೀರಿ ಈಗ” ಅಂದೆ. ಅವನು ಎದ್ದು ಹೋದ.

ತಿರುಗಿ ನೋಡಿದರೆ ಅಂಬಿಕಾ ಕಣ್ಣು ಬಿಟ್ಟಿದ್ದಳು.

“ಅವ್ವಾ, ಬಟನ್ ಒತ್ತಿದ್ದು ನೀನು?”

“ಹೌದವಾ.”

“ಓದಲಿಲ್ಲೇನು?”

“ಇಲ್ಲ.”

ಅವಳು ನನ್ನನ್ನು ಒಮ್ಮೆ ನೋಡಿದಳು, ಅಜ್ಜಿಯನ್ನು ಒಮ್ಮೆ ನೋಡಿದಳು. ಕೂಸನ್ನು ಗೋಡೆಯ ಬದಿಗೆ ಎಳೆದುಕೊಂಡು, ಡ್ರಿಪ್ ಬದಲಾಯಿಸುತ್ತಿದ್ದ ನರ್ಸಿಗೆ ಹೇಳಿದಳು, “ಸಿಸ್ಟರ್, ಇವರಿಬ್ಬರ್ನೂ ಹೊರಗ ಕಳಸ್ರಿ. ನನ್ನ ಗಂಡ ಬರ್ಲಾಕತ್ತಾರ. ಇಲ್ಲಿಂದ ನಾ ನಮ್ಮನಿಗೇ ಹೋಗ್ತೀನಿ. ಇವರ ಕೈಯಾಗ ನನ್ನ ಕೂಸಿನ್ನ ಕೊಡಬ್ಯಾಡ್ರಿ.”

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತೆವು. ಐದು ತಿಂಗಳ ಬಾಣಂತನ ಹನ್ನೆರಡು ದಿನಕ್ಕೆ ಮುಗಿದಿತ್ತು. ಅತ್ತೆ ಕೈ ಚಾಚಿದರು.

“ಆ ಕಾಗದ ಕೊಡು.”

“ಯಾಕ್ರೀ?”

“ಕಾಡಿಗಿ ಹಚ್ಚಿದ್ದು ನಾನು, ಸೊಸಿ ಫೋನ್ ಮಾಡಿ ಹೇಳಿದ್ರೂ ಕೇಳಲಿಲ್ಲ ಅಂತ ಕೆಳಗ ಬರಿ. ಒಬ್ಬಾಕಿನೇ ದೊಡ್ಡಾಕಿ ಆಗಬ್ಯಾಡ.”

ಬರೆದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಅಷ್ಟರಲ್ಲಿ ಒಳಗೆ ಕೂಸು ಅತ್ತಿತು, ಈ ಸಲ ವಾರ್ಡೆಲ್ಲ ಕೇಳುವಷ್ಟು ಜೋರಾಗಿ. ಇಬ್ಬರೂ ಒಟ್ಟಿಗೇ ಎದ್ದು ಬಾಗಿಲ ತನಕ ಹೋದೆವು. ಬಡಿಯಲಿಲ್ಲ.